ಒಂದು ವರ್ಷದ ಪ್ಯಾಟ್ಯಾಕಿ

ನಮ್ಮ ಮನೆಯಲ್ಲಿ ದೇವರ ಎಡೆ ಒಂದು ಗಳಿಗೆ ತಡವಾದರೆ ನಡೆಯುತ್ತಿತ್ತು, ಅಳಿಯನ ತಾಟು ತಡವಾಗುವಂತಿರಲಿಲ್ಲ. ಅಳಿಯನೆಂದರೆ ಅಪ್ಪನ ತಂಗಿಯ ಗಂಡ, ನನಗೆ ಮಾವ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುವವರ ಮೇಲೆ ಕಣ್ಣಿಡುವುದು ಅವನ ಕೆಲಸ. ಅಲ್ಲಿಂದ ಬಸ್ಸು ಹತ್ತಿ, ಬ್ಯಾಡಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಕಾಗಿನೆಲೆ ದಾರಿಯಲ್ಲಿರುವ ನಮ್ಮ ಹಳ್ಳಿಯ ಕ್ರಾಸಿನಲ್ಲಿ ಇಳಿಯುವಷ್ಟರಲ್ಲಿ ಅವನು ಆಫೀಸರ್ ಆಗಿರುತ್ತಿದ್ದ. ಕಿಸೆಯಲ್ಲಿ ಎರಡು ಪೆನ್ನು, ಬಗಲಲ್ಲಿ ಒಂದು ಚರ್ಮದ ಚೀಲ. ಚೀಲದಲ್ಲಿ ಟವೆಲ್ಲು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತು, ಯಾಕೆಂದರೆ ಆ ಟವೆಲ್ಲನ್ನು ಒಗೆದವಳು ನಾನು. ಎದುರಿಗೆ ಜೀವಮಾನವಿಡೀ ಅವನಿಗೆ 'ರಿ' ಹಚ್ಚಿಯೇ ಮಾತಾಡಿದ್ದೇನೆ. ಬರೆಯುವಾಗಲಾದರೂ ಆ ಖರ್ಚು ಉಳಿಸಿಕೊಳ್ಳುತ್ತೇನೆ.

ಅವನು ಬಂದ ದಿನ ಮನೆಯ ನಡೆನುಡಿಯೇ ಬದಲಾಗುತ್ತಿತ್ತು. ಪಡಸಾಲೆಯಲ್ಲಿ ಹರವಿದ ಮೆಣಸಿನಕಾಯಿಯನ್ನು ಅವಸರದಿಂದ ಒಂದು ಮೂಲೆಗೆ ಗುಡಿಸಬೇಕು, ಅವನು ಕೆಮ್ಮುತ್ತಾನೆಂದು. ಹಳ್ಳಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ ಪೇಟೆ ಸೇರಿದ ಮೇಲೆ ಮೆಣಸಿನಕಾಯಿ ಘಾಟಿಗೆ ಕೆಮ್ಮಲು ಕಲಿತಿದ್ದ. ಅವ್ವ ಕಾಲಿಗೆ ನೀರು ಕೊಡಬೇಕು, ನಾನು ಹಾಸಿಗೆ ಹಾಸಬೇಕು, ತಂಗಿ ರತ್ನಾ ಬೀಸಣಿಗೆ ಹಿಡಿಯಬೇಕು. ಅಪ್ಪ ಅಂಗಳದಲ್ಲಿ ನಿಂತು ಸುಮ್ಮನೆ ನಗುತ್ತಿದ್ದ. ಮನೆಗೆ ಅಳಿಯ ಬಂದಾಗ ಅಪ್ಪನ ಮುಖದ ಮೇಲೆ ಒಂದು ನಗೆ ಬರುತ್ತಿತ್ತು. ಅದು ಸಂತೋಷದ್ದಲ್ಲ, ತಪ್ಪು ಮಾಡುವ ಮೊದಲೇ ಕ್ಷಮೆ ಕೇಳುವವರ ನಗೆ. ಆ ನಗೆಯನ್ನು ನಾನು ಚಿಕ್ಕವಳಿದ್ದಾಗಿನಿಂದ ದ್ವೇಷಿಸಿದ್ದೇನೆ.

ತಾಟಿನದೊಂದು ನಿಯಮವಿತ್ತು. ಅದನ್ನು ಮಾಡಿದವನು ನಮ್ಮ ಅಜ್ಜ, ನಾನು ಹುಟ್ಟುವ ಮೊದಲೇ ಸತ್ತವನು. ಅಳಿಯನ ಕೈ ತಾಟಿನಲ್ಲಿ ಇರುವ ತನಕ ಅವನಿಗೆ 'ಇಲ್ಲ' ಅನ್ನಬಾರದು. ಅಜ್ಜ ಅದನ್ನು ಹೇಳಿದ್ದು ಹೋಳಿಗೆಗೆ, ತುಪ್ಪಕ್ಕೆ. ಇನ್ನೊಂದು ಬೇಕೆಂದರೆ ತೀರಿದೆ ಅನ್ನಬೇಡಿ ಅಂತ. ಮಾವ ಆ ಮಾತನ್ನು ಹಿಗ್ಗಿಸಿ ಹಿಗ್ಗಿಸಿ ಇಡೀ ಮನೆಯ ಮೇಲೆ ಹೊದಿಸಿದ. ಅವನಿಗೆ ಏನು ಬೇಕಾದರೂ ಊಟಕ್ಕೆ ಕೂತಾಗಲೇ ನೆನಪಾಗುತ್ತಿತ್ತು. ಒಂದು ಚೀಲ ಜೋಳ ಕೇಳಿದ್ದು ಹಾಗೆ. ಅಜ್ಜಿಯ ತಾಮ್ರದ ಹಂಡೆ ರಾಣೆಬೆನ್ನೂರಿಗೆ ಹೋದದ್ದೂ ಹಾಗೆ. ಕೇಳಿದ ಮೇಲೆ ಅವನು ಕೈಯನ್ನು ಅನ್ನದ ಮೇಲೆ ಹಾಗೇ ಇಟ್ಟುಕೊಂಡು ಕಾಯುತ್ತಿದ್ದ. ಅಪ್ಪ 'ಹೂಂ' ಅಂದ ಮೇಲೆ ಕೈ ಬಾಯಿಗೆ ಹೋಗುತ್ತಿತ್ತು.

ನನಗೆ ಡಾಕ್ಟರ್ ಆಗಬೇಕಿತ್ತು. ಜನಸೇವೆ ಅಂತೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಕಾಗಿನೆಲೆಯ ದವಾಖಾನೆಗೆ ಒಬ್ಬ ಹೆಂಗಸು ಡಾಕ್ಟರ್ ಬರುತ್ತಿದ್ದಳು, ತೆಳ್ಳಗೆ, ಕನ್ನಡಕ ಹಾಕಿಕೊಂಡವಳು. ಅವಳ ಮುಂದೆ ನಮ್ಮೂರಿನ ಗಂಡಸರು, ಹೆಂಡಿರ ಮೇಲೆ ಒದರಾಡುವವರು, ಪಂಚಾಯ್ತಿ ಕಟ್ಟೆಯಲ್ಲಿ ಮೀಸೆ ತಿರುವುವವರು, ಸಾಲಾಗಿ ಕೂತು ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದರು. ಅವಳು ಬಾಯಿ ಮುಚ್ಚು ಅನ್ನುವ ತನಕ ಮುಚ್ಚುತ್ತಿರಲಿಲ್ಲ. ಒಮ್ಮೆ ಜ್ವರ ಬಂದಾಗ ಮಾವನೂ ಹಾಗೆ ಕೂತದ್ದನ್ನು ಕಂಡೆ. ಆ ಕುರ್ಚಿ ನನಗೆ ಬೇಕು ಅನ್ನಿಸಿದ್ದು ಆವತ್ತು. ಓದಿನಲ್ಲಿ ನಾನು ಮುಂದಿದ್ದೆ. ಊರ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿದಾಗ ಮೊದಲನೆಯವಳು ನಾನೇ, ಮತ್ತು ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ.

ಆ ಬೇಸಿಗೆಯಲ್ಲಿ ಮಾವ ಬಂದ. ಮಾವಿನಹಣ್ಣಿನ ಕಾಲ, ಅವ್ವ ಸೀಕರಣೆ ಮಾಡಿದ್ದಳು. ಗಂಡಸರು ಪಡಸಾಲೆಯಲ್ಲಿ, ನಾವು ಅಡುಗೆಮನೆಯ ಬಾಗಿಲಲ್ಲಿ. ಸೀಕರಣೆಯಲ್ಲಿ ಚಪಾತಿ ಅದ್ದಿ, ಅದ್ದಿದ ಕೈಯನ್ನು ಅಲ್ಲೇ ಬಿಟ್ಟು ಅವನು ಮಾತು ತೆಗೆದ.

"ಈ ಹುಡುಗೀನ್ನ ಹಳ್ಳ್ಯಾಗ ಕೊಳಸಬ್ಯಾಡ್ರಿ. ಹತ್ತನೆತ್ತ ನಮ್ಮಲ್ಲೆ ಇಂಗ್ಲಿಷ್ ಮೀಡಿಯಮ್‌ಗೆ ಹಾಕೂಣು. ನಾಳೆ ಪಿಯುಸಿ ಸೈನ್ಸ್ ಎಲ್ಲಾ ಇಂಗ್ಲಿಷಿನ್ಯಾಗ ಇರತೈತಿ. ಈಕಿ ಅಲ್ಲಿ ಪಿಳಿಪಿಳಿ ಕಣ್ಣ ಬಿಡ್ತಾಳ."

ಅಪ್ಪ ನೆಲ ನೋಡಿದ. ಬಾಗಿಲ ಮರೆಯಿಂದ ಅವ್ವ ಬಾಯಿ ಹಾಕಿದಳು.

"ಒಂದ ವರ್ಷ ಉಳದೈತಲ್ರಿ ಅಳ್ಯಾರ."

ಅವ್ವ ಮತ್ತೆ ಅಂದಳು.

"ಇದೊಂದ ವರ್ಷ ಇಲ್ಲೇ ಮುಗಸ್ಲಿ. ಆಮ್ಯಾಲ ಎಲ್ಲಿಗರ ಕಳಸೂಣು."

ಮಾವ ಅವ್ವನ ಕಡೆ ತಿರುಗಲಿಲ್ಲ. ಹೆಂಗಸಿನ ಮಾತು ಅವನಿಗೆ ಪಾತ್ರೆ ಸಪ್ಪಳದ ಹಾಗೆ. ಅಪ್ಪನನ್ನೇ ನೋಡುತ್ತ ಅಂದ.

"ಬ್ಯಾಡಂದ್ರ ಬ್ಯಾಡ ಬಿಡ್ರಿ. ನಾ ಕೈ ತೊಳಕೋತೇನಿ."

"ಏಯ್, ಹಂಗಂದ್ರ ಹೆಂಗ್ರಿ? ಊಟಾ ಮಾಡ್ರಿ. ಕರಕೊಂಡ ಹೋಗ್ರಿ," ಅಂದ ಅಪ್ಪ.

ಇಷ್ಟೇ. ನನ್ನ ಓದಿನ ಬಗ್ಗೆ ನಮ್ಮ ಮನೆಯಲ್ಲಿ ನಡೆದ ವಿಚಾರ ವಿನಿಮಯ ಒಂದು ಬಟ್ಟಲು ಸೀಕರಣೆ ತೀರುವಷ್ಟು ಹೊತ್ತಿನದು. ಊರ ಹೆಡ್‌ಮಾಸ್ತರರು ಟಿಸಿ ಕೊಡುವಾಗ, ಕಡೇ ವರ್ಷ ಶಾಲೆ ಬದಲಿಸುವವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ ಅಂತ ಅಪ್ಪನಿಗೆ ಹೇಳಿದರು. ಅಪ್ಪ ಅವರ ಮುಂದೆಯೂ ಅದೇ ನಗೆ ನಕ್ಕ. ನನಗೂ ಒಳಗೊಳಗೆ ಖುಷಿಯೇ ಆಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಪೇಟೆ, ನಳದ ನೀರು, ಟೀವಿ, ಇಂಗ್ಲಿಷು. ಆ ವಯಸ್ಸಿನ ಹುಡುಗಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಇರಬೇಕು ಅಂತ ನಾನು ನಿರೀಕ್ಷಿಸುವುದಿಲ್ಲ. ಅಪ್ಪನಿಂದ ನಿರೀಕ್ಷಿಸುತ್ತೇನೆ.

ರಾಣೆಬೆನ್ನೂರಿನ ಮನೆ ಎರಡು ಖೋಲಿಯದು, ಸ್ಟೇಷನ್ನಿನ ಹಿಂದೆ. ರೈಲು ಹೋದಾಗಲೆಲ್ಲ ಶೋಕೇಸಿನಲ್ಲಿದ್ದ ಪಿಂಗಾಣಿ ಬಾತುಕೋಳಿಗಳು ನಡುಗುತ್ತಿದ್ದವು. ಸೋಫಾಕ್ಕೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕನ್ನೇ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಕೂತರೆ ಏಳುವಾಗ ಕಾಲಿನ ಚರ್ಮ ಅಂಟಿಕೊಂಡು ಬರುತ್ತಿತ್ತು. ಅತ್ತೆ ನನ್ನನ್ನು ಕಂಡು ಅತ್ತಳು. ನನ್ನ ಮೇಲೆ ಇಷ್ಟು ಪ್ರೀತಿಯೇ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವಳು ಬಸುರಿ, ಮತ್ತು ಬಾಣಂತನಕ್ಕೆ ಯಾರೂ ಸಿಕ್ಕಿರಲಿಲ್ಲ. ನನ್ನ ಇಂಗ್ಲಿಷ್ ಮೀಡಿಯಮ್ಮು ಅವಳ ಹೊಟ್ಟೆಯಲ್ಲಿ ಬೆಳೆಯುತ್ತಿತ್ತು. ನಸುಕಿನಲ್ಲಿ ನಳಕ್ಕೆ ಕೊಡ ಹಚ್ಚುವುದು, ಹಿಟ್ಟು ನಾದುವುದು, ಕೂಸು ಹುಟ್ಟಿದ ಮೇಲೆ ಅದರ ಅರಿವೆಗಳನ್ನು ಒಗೆಯುವುದು, ಇವೆಲ್ಲ ಆದ ಮೇಲೆ ಶಾಲೆ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಒಂದು ಕೈಯಲ್ಲಿ ಸೈನ್ಸ್ ಪುಸ್ತಕ. ಒಂಬತ್ತು ವರ್ಷ ಕನ್ನಡದಲ್ಲಿ ಕಲಿತದ್ದನ್ನೆಲ್ಲ ಮತ್ತೆ ಹೊಸ ಹೆಸರಿನಿಂದ ಬಾಯಿಪಾಠ ಮಾಡಿದೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕಾಣುವುದು ಎಂಥ ಅವಮಾನ ಅಂತ ಅನುಭವಿಸಿದವರಿಗೇ ಗೊತ್ತು.

ಮಾವ ನನ್ನ ಓದಿಗೆ ಮಾಡಿದ ಉಪಕಾರವೆಂದರೆ ನನ್ನ ಬಾಯಿ ತಿದ್ದಿದ್ದು.

"ಐತಿ ಅನಬ್ಯಾಡ. ಇದೆ ಅನ್ನು. ಯಾರರ ಕೇಳಿದ್ರ ಏನಂದಾರು?"

ಅವನ ಬಾಯಲ್ಲೇ 'ಏನಂದಾರು' ಇತ್ತು. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ನೆರೆಯವರಿಗೆ ನನ್ನನ್ನು ತೋರಿಸುವಾಗ ಹಳ್ಳಿ ಅನ್ನುವ ಶಬ್ದ ಅವನ ಬಾಯಿಂದ ಬರುತ್ತಿರಲಿಲ್ಲ. ನಮ್ಮ ಅಪ್ಪನಿಗೆ ಬ್ಯಾಡಗಿ ಕಡೆ 'ಮೆಣಸಿನಕಾಯಿ ಎಸ್ಟೇಟು' ಇದೆ ಅಂತ ಹೇಳಿದ್ದ. ಹಬ್ಬಕ್ಕೆ ಅಪ್ಪ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಧೋತರ ಉಟ್ಟು ಬಂದಾಗ ಎಸ್ಟೇಟಿನ ಮಾಲಕನನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದರು. ಅಪ್ಪ ಅಲ್ಲೂ ನಗುತ್ತಲೇ ಬಂದ. ಬಚ್ಚಲಲ್ಲಿ ಅರಿವೆ ಒಗೆಯುತ್ತಿದ್ದ ನನ್ನನ್ನು ನೋಡಿ, ಚೆನ್ನಾಗಿ ಓದುತ್ತಿದ್ದೀಯಾ ಅಂತ ಕೇಳಿದ. ಓದುತ್ತಿದ್ದೇನೆ ಅಂದೆ. ಕೈಯಲ್ಲಿದ್ದ ಸಾಬೂನು ಅವನಿಗೆ ಕಾಣಿಸಿತೋ ಇಲ್ಲವೋ ಗೊತ್ತಿಲ್ಲ, ಕಂಡರೂ ಕಾಣದಂತೆ ಇರುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬಂತು, ಆದರೆ ಅದು ನನಗೆ ಬರಬೇಕಾದ ಮಾರ್ಕಲ್ಲ. ಕೂಸು ಅಂಬೆಗಾಲಿಡುವ ಹೊತ್ತಿಗೆ ನಾನು ಇಂಗ್ಲಿಷ್ ಕಲಿಯುವ ಅಗತ್ಯವೂ ಮುಗಿದಿತ್ತು. ಮುಂದೆ ಎಲ್ಲಿ ಓದಿಸುತ್ತೀರಿ ಅಂತ ಮಾವ ಕೇಳಲಿಲ್ಲ. ಪಿಯುಸಿಗೆ ಹಾವೇರಿಗೆ ಹೋದೆ, ಹುಡುಗಿಯರ ಹಾಸ್ಟೆಲ್ಲಿನಲ್ಲಿದ್ದು. ಅಲ್ಲಿ ನನ್ನ ಕ್ಲಾಸಿನ ಅರ್ಧಕ್ಕರ್ಧ ಹುಡುಗಿಯರು ಹಳ್ಳಿಗಳಿಂದ ಕನ್ನಡದಲ್ಲೇ ಹತ್ತು ವರ್ಷ ಓದಿ ಬಂದವರು. ಮೊದಲೆರಡು ತಿಂಗಳು ಅವರು ಪಿಳಿಪಿಳಿ ಕಣ್ಣು ಬಿಟ್ಟದ್ದು ನಿಜ. ದೀಪಾವಳಿ ಹೊತ್ತಿಗೆ ಅವರಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತಿತ್ತು. ನಾನು ಒಂದು ವರ್ಷ ಕೊಟ್ಟು, ನೀರು ಹೊತ್ತು, ಅರಿವೆ ಒಗೆದು ಕೊಂಡುಕೊಂಡದ್ದು ಅವರಿಗೆ ಪುಕ್ಕಟೆಯಾಗಿ ಬಂದಿತ್ತು. ಅದನ್ನೂ ನುಂಗಿಕೊಂಡೆ. ಹಟ ಹಿಡಿದು ಓದಿದೆ. ಪಿಯುಸಿ ಚೆನ್ನಾಗಿ ಆಯಿತು, ಎಂಟ್ರನ್ಸ್ ಪರೀಕ್ಷೆಯೂ ಆಯಿತು.

ರ‍್ಯಾಂಕ್ ಬಂದಾಗ ನಮ್ಮ ಕಾಲೇಜಿನ ಬಯಾಲಜಿ ಮೇಡಮ್ಮು ನನ್ನನ್ನು ಕರೆದು ಲೆಕ್ಕ ಹಾಕಿದರು. ಎಲ್ಲರ ಜೊತೆ ನಿಂತರೆ ಮೆಡಿಕಲ್ ಸೀಟು ಕೈಗೆಟುಕುವುದಿಲ್ಲ, ಆದರೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅಂತ ಬೇರೆ ಸೀಟುಗಳಿವೆ, ಅದರಲ್ಲಿ ಖಂಡಿತ ಸಿಗುತ್ತದೆ ಅಂದರು.

"ನೀ ಕಾಗಿನೆಲಿ ಕಡೆಯಾಕಿ ಅಲ್ಲೇನವಾ? ಬ್ಯಾಡಗಿ ಶಿಕ್ಷಣ ಕಚೇರಿಗೆ ಹೋಗಿ ಗ್ರಾಮೀಣ ಸರ್ಟಿಫಿಕೇಟ್ ತಗೊಂಡ ಬಾ. ಲಗೂ ಹೋಗು."

ಹಾವೇರಿಯಿಂದ ಊರಿಗೆ ಬಸ್ಸಿನಲ್ಲಿ ಬರುವಾಗ ನಾನು ಡಾಕ್ಟರೇ ಆಗಿಬಿಟ್ಟಿದ್ದೆ. ಅವ್ವ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಅಪ್ಪ ಆ ಸುದ್ದಿಯನ್ನು ಯಾರಿಗೆ ಹೇಳಬಾರದೋ ಅವನಿಗೇ ಮೊದಲು ಹೇಳಿಕಳಿಸಿದ. ಮರುದಿನವೇ ಮಾವ ಚರ್ಮದ ಚೀಲ ಹಿಡಿದು ಹಾಜರಾದ. ಕಚೇರಿಯ ಕೆಲಸ ತಿಳಿದವರು ಬೇಕು, ನೀವು ಹಳ್ಳಿ ಮಂದಿ ಬಾಯಿ ಸತ್ತವರು ಅಂತ ತಾನೇ ಮುಂದಾಳಾಗಿ ಹೊರಟ.

ಬ್ಯಾಡಗಿಯ ಆ ಕಚೇರಿಯಲ್ಲಿ ಕಿಟಕಿಯ ಹಿಂದೆ ಒಬ್ಬ ವಯಸ್ಸಾದ ಗುಮಾಸ್ತ ಕೂತಿದ್ದ. ಒಳ್ಳೆಯ ಮನುಷ್ಯ, ಅಪ್ಪನಿಗೂ ನನಗೂ ಬೆಂಚು ತೋರಿಸಿ ಕೂರಿಸಿದ. ಮಾವ ಕೂರಲಿಲ್ಲ. ಕಿಟಕಿಗೆ ಮೊಣಕೈ ಊರಿ ನಿಂತ.

"ಪಕ್ಕಾ ಹಳ್ಳಿ ಹುಡುಗಿರಿ ಸಾಹೇಬ್ರ. ಐತಿ ಅನ್ನೂದು ಇನ್ನ ಬಿಟ್ಟಿಲ್ಲ ನೋಡ್ರಿ. ಮಾತಾಡ ಯವ್ವಾ, ಮಾತಾಡಿ ತೋರಸು."

ಒಂದು ವರ್ಷ ನನ್ನ ಬಾಯಿಂದ ಉಜ್ಜಿ ಉಜ್ಜಿ ತೆಗೆಸಿದ ಶಬ್ದವನ್ನು ಅವನು ಈಗ ಕಿಟಕಿಯ ಮುಂದೆ ಮಾರಾಟಕ್ಕೆ ಇಟ್ಟಿದ್ದ. ಗುಮಾಸ್ತ ನಕ್ಕು, ಮಾತು ಬೇಡ, ಒಂದರಿಂದ ಹತ್ತರ ತನಕ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಅಷ್ಟೇ ಅಂದ.

"ಹತ್ತನೆತ್ತ ಎಲ್ಲಾತವಾ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದ.

"ಒಂಬತ್ತನೆತ್ತನತನಾ ಎಲ್ಲಾ ಹಳ್ಳ್ಯಾಗರಿ, ಇವರ ಊರಾಗ."

"ನಾ ಹತ್ತನೆತ್ತ ಕೇಳಿದ್ನಿ."

"ರಾಣೆಬೆನ್ನೂರಾಗ್ರಿ," ಅಂದೆ ನಾನು.

ಗುಮಾಸ್ತ ಪೆನ್ನು ಕೆಳಗಿಟ್ಟ. ಕನ್ನಡ ಮಾಧ್ಯಮದವರಿಗೂ ಒಂದಿಷ್ಟು ಸೀಟಿದ್ದಾವೆ, ಅದನ್ನಾದರೂ ನೋಡೋಣ ಅಂದ. ಅದಕ್ಕೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ಹತ್ತನೆಯದು ಇಂಗ್ಲಿಷ್ ಅಂದೆ. ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. ಎರಡು ಬಾಗಿಲು ತೆರೆದಿದ್ದವು, ಎರಡನ್ನೂ ಒಂದೇ ವರ್ಷದಲ್ಲಿ ಹಾಕಿಕೊಂಡು ಬಂದವಳು ಅವನ ಕೆಲಸದಲ್ಲಿ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

"ಒಂದ ವರ್ಷ ತಡಕೋಬೇಕಿತ್ತಲ್ಲವಾ. ಈಗ ಕಾಯ್ದೆ ಪ್ರಕಾರ ನೀ ಪ್ಯಾಟ್ಯಾಕಿ ಆದಿ."

ಮಾವನಿಗೆ ಸೋತು ಗೊತ್ತಿರಲಿಲ್ಲ. ವಾದಕ್ಕೆ ಏನು ಸಿಕ್ಕರೂ ಹಿಡಿದುಕೊಳ್ಳುವ ಮನುಷ್ಯ, ಕೈಗೆ ಸಿಕ್ಕದ್ದನ್ನು ಹಿಡಿದೇಬಿಟ್ಟ.

"ಒಂದ ವರ್ಷದಾಗ ಏನ ಪ್ಯಾಟ್ಯಾಕಿ ಆಕ್ಕಾಳ್ರಿ? ನಮ್ಮ ಮನ್ಯಾಗ ಇದ್ದಾಕಿ, ನನಗ ಗೊತ್ತಿಲ್ಲೇನ್ರಿ? ಬರೇ ಕೂಸಿನ ಅರಬಿ ಒಗದಾಳ, ನೀರ ತುಂಬ್ಯಾಳ. ಪ್ಯಾಟಿ ಕಣ್ಣೀಲೆ ನೋಡಿಲ್ರಿ ಆಕಿ."

ತಾನು ಏನು ಹೇಳಿದೆ ಅನ್ನುವುದು ಅವನಿಗೆ ಆಮೇಲೂ ಹೊಳೆಯಲಿಲ್ಲ. ಒಳ್ಳೆಯ ಸಾಕ್ಷಿ ನುಡಿದವನ ಹಾಗೆ ಅಪ್ಪನ ಕಡೆ ನೋಡಿದ. ಅಪ್ಪನ ಮುಖದಲ್ಲಿ ನಗೆ ಇರಲಿಲ್ಲ. ಅದಿಲ್ಲದೆ ಅವನ ಮುಖ ಹೇಗಿರುತ್ತದೆ ಅಂತ ನಾನು ಮೊದಲ ಸಲ ಕಂಡೆ. ಗುಮಾಸ್ತ ತಲೆ ತಗ್ಗಿಸಿ, ಕಾಯ್ದೆಯಲ್ಲಿ ಅದಕ್ಕೆ ಜಾಗ ಇಲ್ಲ ಅಂದ.

ಇಷ್ಟಾದ ಮೇಲೂ ಮಾವ ನಮ್ಮ ಜೊತೆ ಊರಿಗೆ ಬಂದ. ಹಸಿವಾಗಿತ್ತಂತೆ. ದಾರಿಯುದ್ದಕ್ಕೂ ಸರಕಾರವನ್ನು ಬೈದ, ನನ್ನ ನಸೀಬನ್ನು ಬೈದ. ಅವ್ವನಿಗೆ ಅಪ್ಪ ಬಾಗಿಲಲ್ಲೇ ಎರಡು ಮಾತಿನಲ್ಲಿ ಸುದ್ದಿ ಹೇಳಿದ, ಒಂದು ವರ್ಷಕ್ಕೆ ಹೀಗಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು ಅಂದ. ಅವ್ವ ಅವನನ್ನು ನೋಡಲಿಲ್ಲ.

"ಬ್ಯಾಡಂದಾಕಿ ಬಾಗಲದಾಗ ನಿಂತಿದ್ಲು. ಯಾರೂ ಕೇಳಲಿಲ್ಲ," ಅಂದು ಒಳಗೆ ಹೋದಳು.

ಆದರೂ ತಾಟು ಹಾಕಿದಳು. ಅದೊಂದು ನಮ್ಮ ಹೆಂಗಸರ ಜಡ್ಡು, ಜಗತ್ತು ಮುಳುಗಿದರೂ ತಾಟು ಹಾಕುತ್ತಾರೆ. ಮಾವ ಕೂತ. ರೊಟ್ಟಿ ಮುರಿದ, ಪುಂಡಿಪಲ್ಯದಲ್ಲಿ ಬೆರಳಿಟ್ಟ, ಮತ್ತು ನಾನು ನನ್ನ ಕಿವಿಯಿಂದ ಕೇಳದಿದ್ದರೆ ಇದನ್ನು ಬರೆಯುವ ಧೈರ್ಯ ಮಾಡುತ್ತಿರಲಿಲ್ಲ, ಹೀಗೆ ಅಂದ.

"ಈಕೀದೇನೋ ಆತ ಬಿಡ್ರಿ. ರತ್ನಾನ್ನರ ಹಳ್ಳ್ಯಾಗ ಇಡಬ್ಯಾಡ್ರಿ. ಹತ್ತನೆತ್ತ ಈಗಷ್ಟ ಶುರು ಆಗೇತಿ, ಇನ್ನೂ ತಗೋತಾರ. ನಿಮ್ಮ ತಂಗೀಗೂ ಮತ್ತ ದಿನಾ ತುಂಬಾಕತ್ತಾವ, ಜೊತಿ ಆಕ್ಕೈತಿ."

ಕೈ ತಾಟಿನಲ್ಲಿ ನಿಂತಿತ್ತು. ಅವ್ವ ಒಲೆಯ ಮುಂದೆ, ರತ್ನಾ ಬೀಸಣಿಗೆ ಹಿಡಿದು. ಅಪ್ಪ ಬಹಳ ಹೊತ್ತು ಆ ಕೈಯನ್ನೇ ನೋಡಿದ.

"ಇಲ್ಲ," ಅಂದ.

ಮಾವನಿಗೆ ಕೇಳಿಸಲಿಲ್ಲ ಅನ್ನಿಸುತ್ತದೆ, ಏನು ಅಂತ ಕೇಳಿದ. ಅಪ್ಪ ಇನ್ನೊಮ್ಮೆ ಅದೇ ಧ್ವನಿಯಲ್ಲಿ ಇಲ್ಲ ಅಂದು ಎದ್ದು ದನಗಳ ಕಡೆ ಹೋದ. ಮಾವ ಕೈ ತೊಳೆದುಕೊಳ್ಳಲಿಲ್ಲ. ತಾಟಿನಲ್ಲಿದ್ದದ್ದನ್ನು ಪೂರ್ತಿ ಉಂಡು, ಮಜ್ಜಿಗೆ ಕುಡಿದು, ಆಮೇಲೆ ಅವಮಾನವಾಯಿತು ಅಂತ ಹೇಳಿ ಹೊರಟುಹೋದ. ಮುಂದೆ ಎಷ್ಟೋ ವರ್ಷ ಆ ಅವಮಾನವನ್ನು ಅವನು ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಯಲ್ಲಿ ಹೇಳಿಕೊಂಡು ತಿರುಗಿದ.

ಅಪ್ಪನ ಆ ಮಾತಿಗೆ ನಾನು ಹೆಮ್ಮೆಪಟ್ಟೆ ಅಂತ ಬರೆದರೆ ಓದುವವರಿಗೆ ಹಿತವಾಗಬಹುದು. ನನಗೆ ಬಂದದ್ದು ಸಿಟ್ಟು. ಎರಡಕ್ಷರದ ಶಬ್ದ, ಅವನ ಬಾಯಲ್ಲೇ ಇತ್ತು, ಸೀಕರಣೆಯ ದಿನವೂ ಇತ್ತು. ಅದನ್ನು ಹೊರಗೆ ತೆಗೆಯಲು ನನ್ನ ಸೀಟು ಹೋಗಬೇಕಾಯಿತು. ಆ ವರ್ಷ ನಮ್ಮೂರ ಶಾಲೆಯಲ್ಲಿ ನನಗಿಂತ ಹಿಂದಿದ್ದ, ಅಲ್ಲೇ ಹತ್ತನೆಯ ತರಗತಿ ಮುಗಿಸಿದ್ದ ಒಬ್ಬ ಹುಡುಗಿಗೆ ಹಳ್ಳಿಯ ಸೀಟು ಸಿಕ್ಕಿತು. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವಳ ಮನೆಯಲ್ಲಿ ಅಳಿಯ ಇರಲಿಲ್ಲ, ಅಷ್ಟೇ. ನಾನು ಹಾವೇರಿಯಲ್ಲಿ ಬಿಎಸ್ಸಿ ಸೇರಿದೆ, ಟೀಚರಾದೆ, ಮಕ್ಕಳಿಗೆ ಕಪ್ಪೆಯ ಹೃದಯ ಬಿಡಿಸಿ ತೋರಿಸುತ್ತ ವಯಸ್ಸು ಕಳೆದೆ.

ಮಾವ ಹೋದ ಮೇಲೆ ಅಡುಗೆಮನೆಯಿಂದ ಬಿಕ್ಕುವುದು ಕೇಳಿಸಿತು. ಅವ್ವ ಇರಬೇಕು ಅಂದುಕೊಂಡು ಹೋದೆ. ರತ್ನಾ. ಗೋಡೆಗೆ ಮುಖ ಮಾಡಿ ಕೂತು, ಸೆರಗಿಲ್ಲದ್ದಕ್ಕೆ ಲಂಗದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನನಗಾಗಿ ಅಳುತ್ತಿದ್ದಾಳೆ ಅನ್ನಿಸಿ, ಆ ದಿನದಲ್ಲಿ ಮೊದಲ ಸಲ ನನ್ನ ಕಣ್ಣಲ್ಲೂ ನೀರು ಬಂತು. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟೆ. ಅವಳು ನನ್ನ ಕೈ ಕೊಡವಿದಳು.

"ನೀ ಅಷ್ಟ ಪ್ಯಾಟಿಗೆ ಹೋಗಿ ಬಂದಿ. ನನಗ್ಯಾಕ ಇಲ್ಲಂದ ಅಪ್ಪ?"

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ರತ್ನಾಳ ತಲೆಯನ್ನು ಎದೆಗೆ ಒತ್ತಿಕೊಂಡು, ಸುಮ್ಮನಿರು ನನ ಕೂಸ, ನಾ ಅಪ್ಪಗ ಹೇಳ್ತೇನಿ, ರಜಾದಾಗ ಒಮ್ಮೆ ರಾಣೆಬೆನ್ನೂರ ತೋರಿಸಿ ಕರಕೊಂಡ ಬರ್ತಾನ ಅಂತ ಸವರತೊಡಗಿದಳು. ಆ ದಿನ ನಮ್ಮ ಮನೆಯಲ್ಲಿ ಸೀಟು ಕಳೆದುಕೊಂಡವಳು ನಾನು. ಅತ್ತವಳು ರತ್ನಾ, ಸಮಾಧಾನ ಸಿಕ್ಕಿದ್ದೂ ಅವಳಿಗೇ.